ತೀರಿಕೊಂಡ ಅಧ್ಯಕ್ಷರಿಂದ ವಿವರಣೆ ಕೇಳಿದವರಿಗೆ

ಪಕ್ಷದ ರಾಜ್ಯ ಶಿಸ್ತು ಸಮಿತಿಯ ಮುಖ್ಯಸ್ಥರಾದ ಮಾನ್ಯರೇ,

ನನ್ನ ಗಂಡನ ಹೆಸರಿಗೆ ನೀವು ಕಳಿಸಿದ ಕಾರಣ ಕೇಳುವ ನೋಟಿಸು ಕಳೆದ ಸೋಮವಾರ ನಮ್ಮ ಮನೆ ಮುಟ್ಟಿತು. ರಾಜಧಾನಿಯಲ್ಲಿ ನಡೆದ ಮೂರು ಕಾರ್ಯಕಾರಿಣಿ ಸಭೆಗಳಿಗೆ ಅವರು ಸತತವಾಗಿ ಗೈರುಹಾಜರಾಗಿದ್ದಾರೆಂದೂ, ಇದು ಘೋರ ಅಶಿಸ್ತೆಂದೂ, ಏಳು ದಿನಗಳೊಳಗೆ ಖುದ್ದಾಗಿ ಬಂದು ವಿವರಣೆ ಕೊಡದಿದ್ದರೆ ಮುಂದಿನ ಕ್ರಮ ಜರುಗಿಸಲಾಗುವುದೆಂದೂ ಅದರಲ್ಲಿದೆ. ಮಾನ್ಯರೇ, ನನ್ನ ಗಂಡ ಬಸಂತರಾಯರು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಖುದ್ದಾಗಿ ಬರುವುದು ಅವರಿಗೆ ಕಷ್ಟ. ಬಂದರೆ ನಿಮಗೆ ಇನ್ನೂ ಕಷ್ಟ. ಆದ್ದರಿಂದ ಅವರ ಹೆಂಡತಿಯಾದ ನಾನು, ಬಸವನ ಬಾಗೇವಾಡಿಯ ನಿವೃತ್ತ ಮುಖ್ಯಾಧ್ಯಾಪಕಿ ಸಿದ್ದಲಿಂಗವ್ವ, ಈ ಉತ್ತರ ಬರೆಯುತ್ತಿದ್ದೇನೆ. ಈ ಮೊದಲು ಬರೆದ ನಾಲ್ಕು ಪತ್ರಗಳಿಗೆ ನಿಮ್ಮ ಕಚೇರಿ ಒಂದು ಸಾಲಿನ ಉತ್ತರವನ್ನೂ ಕೊಡಲಿಲ್ಲ. ಹಾಗಾಗಿ ಐದನೆಯದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಗಂಡನನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿರಿ. ತೆಗೆದು ಅವರ ಫೋಟೋ ನನಗೆ ವಾಪಸು ಕೊಡಿ. ಬರುವ ಕಾರಹುಣ್ಣಿಮೆಯ ಮರುದಿನ ಅವರ ವರ್ಷದ ಪುಣ್ಯತಿಥಿ. ಆ ದಿನ ಹೂವು ಏರಿಸಬೇಕೆಂದರೆ ಮನೆಯಲ್ಲಿ ಫೋಟೋ ಇಲ್ಲ. ಫೋಟೋ ನಿಮ್ಮ ಪಕ್ಷದ ಕುರ್ಚಿಯ ಮೇಲೆ ಕೂತಿದೆ.

ಅವರು ತೀರಿಕೊಂಡದ್ದು ನಿಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮಣ್ಣು ಮಾಡುವ ದಿನ ಅವರಿಗೆ ಹೊದಿಸಿದ್ದು ನಿಮ್ಮ ಪಕ್ಷದ ಧ್ವಜವನ್ನೇ. ಮೂರನೆಯ ದಿನಕ್ಕೆ ನಿಮ್ಮ ರಾಜ್ಯ ಕಚೇರಿಯಿಂದ ಸಂತಾಪ ಪತ್ರವೂ ಬಂದಿತ್ತು. ಈಗ ಬಂದ ನೋಟಿಸನ್ನು ಅದರ ಪಕ್ಕಕ್ಕಿಟ್ಟು ನೋಡಿದೆ. ಅದೇ ಲೆಟರ್‌ಹೆಡ್, ಅದೇ ಮೊಹರು, ಕೆಳಗಿನ ಸಹಿ ಕೂಡ ಒಂದೇ. ಸಂತಾಪ ಪತ್ರದಲ್ಲಿ ನೀವು 'ತುಂಬಲಾರದ ನಷ್ಟ' ಎಂದು ಬರೆದಿದ್ದಿರಿ. ಎಲ್ಲರೂ ಬರೆಯುವ ಮಾತು ಎಂದು ನಾನು ಬಿಟ್ಟುಬಿಟ್ಟಿದ್ದೆ. ನೀವು ನುಡಿದಂತೆ ನಡೆಯುವವರು ಎಂದು ಆಮೇಲೆ ಗೊತ್ತಾಯಿತು. ಹನ್ನೊಂದು ತಿಂಗಳಾದರೂ ಆ ಸ್ಥಾನ ತುಂಬಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಘಟಕಕ್ಕೆ ಅವರು ಹದಿನಾಲ್ಕು ವರ್ಷ ಅಧ್ಯಕ್ಷರಾಗಿದ್ದರು. ಘಟಕದ ಕಚೇರಿ ನಮ್ಮೂರಿನಲ್ಲೇ, ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಶ್ರದ್ಧಾಂಜಲಿ ಸಭೆಯ ದಿನ ಬೆಳಿಗ್ಗೆ ಘಟಕದ ಕಾರ್ಯದರ್ಶಿ ಸಂಜೀವಕುಮಾರ ಫೋಟೋ ಕೇಳಿಕೊಂಡು ಮನೆಗೆ ಬಂದ. ನನ್ನ ಕೈಯಲ್ಲೇ ಮೂರನೆಯ ಇಯತ್ತೆ ಕಲಿತ ಹುಡುಗ, ಈಗ ತಲೆ ಬೆಳ್ಳಗಾಗಿದೆ. ಕಚೇರಿಯ ಗೋಡೆ ತುಂಬ ಅಧ್ಯಕ್ಷರ ಫೋಟೋಗಳಿವೆಯಲ್ಲ ಎಂದೆ. ಇವೆ, ಆದರೆ ಒಂದರಲ್ಲೂ ಅವರು ಒಬ್ಬರೇ ಇಲ್ಲ ಎಂದ. ನಿಮ್ಮ ಘಟಕಕ್ಕೆ ಇಬ್ಬರು ಉಪಾಧ್ಯಕ್ಷರು: ಇಂಡಿಯ ಅಪ್ಪಾಸಾಬ ಮತ್ತು ಮುದ್ದೇಬಿಹಾಳದ ದುಂಡೇಶ. ಅಪ್ಪಾಸಾಬರು ಬಗಲಿಗೆ ನಿಂತ ಫೋಟೋ ಇಟ್ಟರೆ ದುಂಡೇಶರ ಕಡೆಯವರು ಎದ್ದು ಹೋಗುತ್ತಾರೆ. ದುಂಡೇಶರು ನಿಂತದ್ದನ್ನು ಇಟ್ಟರೆ ಅಪ್ಪಾಸಾಬರ ಕಡೆಯವರು ಒಳಗೇ ಬರುವುದಿಲ್ಲ. ಇಬ್ಬರೂ ಇಲ್ಲದ ಫೋಟೋಗಳಲ್ಲಿ ಹಾರ ಎಷ್ಟು ದಪ್ಪ ಎಂದರೆ ಅಧ್ಯಕ್ಷರ ಮೂಗು ಮಾತ್ರ ಕಾಣುತ್ತದೆ.

ಹೀಗಾಗಿ ನಮ್ಮ ಪಡಸಾಲೆಯ ಗೋಡೆಗಿದ್ದ ಫೋಟೋದ ಮೇಲೆ ಅವನ ಕಣ್ಣು ಬಿತ್ತು. ಅದರಲ್ಲಿ ಇದ್ದವರು ಅವರು ಮತ್ತು ನಾನು, ಇಬ್ಬರೇ.

"ಅಕ್ಕೋರ, ನೀವು ಯಾ ಕಡೇದವ್ರೂ ಅಲ್ಲ. ಇದಕ್ಕ ಯಾರದೂ ತಕರಾರ ಬರೂದಿಲ್ರಿ. ಸಭಾ ಮುಗದ ಒಂದ ತಾಸಿನ್ಯಾಗ ತಂದ ಕೊಡ್ತೇನಿ" ಎಂದ.

ಕೊಟ್ಟೆ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಕೊಡುತ್ತಿದ್ದೆ. ಸಭೆಗೆ ಹೋಗಿ ನೋಡಿದರೆ ಫೋಟೋ ಹೊಸ ಚೌಕಟ್ಟಿನಲ್ಲಿತ್ತು, ಅಧ್ಯಕ್ಷರ ಕುರ್ಚಿಯ ಮೇಲೆ ಕೂರಿಸಿದ್ದರು, ನಾನು ಮಾತ್ರ ಅದರಲ್ಲಿರಲಿಲ್ಲ. ಸಂಜೀವಕುಮಾರನನ್ನು ಮೂಲೆಗೆ ಕರೆದು ಕೇಳಿದೆ. "ಕತ್ತರಿಸಿಲ್ರಿ ಅಕ್ಕೋರ, ನಿಮ್ಮಾಣಿ. ಫ್ರೇಮ್ ಸಣ್ಣದಿತ್ತು, ನಿಮ್ಮನ್ನ ಹಿಂದಕ ಮಡಚೇನಿ" ಎಂದ. ಸರಿಯಾಗಿ ಮಡಚಲೂ ಬಂದಿಲ್ಲ, ಚಿಕ್ಕಂದಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವಾಗಲೂ ಹೀಗೇ ಮಾಡುತ್ತಿದ್ದ. ಅವರ ಎಡಕ್ಕೆ ನನ್ನ ಬಲಭುಜವೂ ಇಳಕಲ್ ಸೀರೆಯ ಅಂಚೂ ಉಳಿದುಕೊಂಡಿದ್ದವು.

ಇನ್ನು ಮುಂದಿನದು ನಿಮ್ಮ ಪಕ್ಷದ ಚರಿತ್ರೆಗೆ ಸೇರಬೇಕಾದ ಸಂಗತಿ, ಗಮನವಿಟ್ಟು ಓದಿ. ಶ್ರದ್ಧಾಂಜಲಿ ಮುಗಿಯಿತು, ಎಲ್ಲರೂ ಅವಲಕ್ಕಿ ತಿಂದು ಹೋದರು, ಫೋಟೋ ಅಲ್ಲೇ ಉಳಿಯಿತು. ಮುಂದಿನ ತಿಂಗಳು ಸಭೆ ಸೇರಿದಾಗ ಫೋಟೋ ಕುರ್ಚಿಯ ಮೇಲೆಯೇ ಇತ್ತು. ಕುರ್ಚಿ ಖಾಲಿ ಮಾಡಬೇಕಾದರೆ ಯಾರಾದರೂ ಅದನ್ನು ಎತ್ತಬೇಕು. ಎತ್ತಿದವರಿಗೆ ಕುರ್ಚಿಯ ಆಸೆ ಇದೆ ಎಂದು ನಾಲ್ಕೂ ತಾಲೂಕಿಗೆ ಸುದ್ದಿಯಾಗುತ್ತದೆ. ಅಪ್ಪಾಸಾಬರು ದುಂಡೇಶರ ಮುಖ ನೋಡಿದರು. ದುಂಡೇಶರು ಫ್ಯಾನು ನೋಡಿದರು. ಕೊನೆಗೆ ಇಬ್ಬರೂ ಫೋಟೋಕ್ಕೆ ಕೈಮುಗಿದು ಆಚೆ ಈಚೆ ಕೂತರು. ಸಂಜೀವಕುಮಾರ ನಡಾವಳಿ ಪುಸ್ತಕ ತೆಗೆದು 'ಮಾನ್ಯ ಅಧ್ಯಕ್ಷರ ಘನ ಉಪಸ್ಥಿತಿಯಲ್ಲಿ' ಎಂದು ಬರೆದ. ಅಂದಿನಿಂದ ಇಂದಿನವರೆಗೆ ಹತ್ತು ಸಭೆಗಳಾಗಿವೆ. ಹತ್ತಕ್ಕೂ ನನ್ನ ಗಂಡ ಹಾಜರ್. ನೀವೇನೋ ಗೈರುಹಾಜರಿಯ ನೋಟಿಸು ಕಳಿಸಿದ್ದೀರಿ!

ಈ ಸಂಗತಿಗಳನ್ನು ನನಗೆ ಹೇಳಿದವರು ರಸೂಲಸಾಬರು. ಇಪ್ಪತ್ತು ವರ್ಷದಿಂದ ಕಚೇರಿ ಕಸ ಹೊಡೆದು, ಚಹಾ ಮಾಡಿ ಕೊಡುವವರು, ನಮ್ಮ ಮನೆಯವರ ಗೆಳೆಯರು. ಪಕ್ಷದ ಸದಸ್ಯರಲ್ಲ. ಮೊದಲ ಸಭೆಯಲ್ಲಿ ರೂಢಿಯ ಪ್ರಕಾರ ಅಧ್ಯಕ್ಷರ ಮುಂದೆ ಸಕ್ಕರೆ ಕಡಿಮೆ ಹಾಕಿದ ಚಹಾ ಇಟ್ಟರಂತೆ. ಇಟ್ಟ ಮೇಲೆ ನೆನಪಾಗಿ ತೆಗೆಯಲು ಹೋದರೆ ಎರಡೂ ಕಡೆಯವರು ಕೂಡಿಯೇ ತಡೆದರಂತೆ: "ಇರ್ಲಿ ಬಿಡ್ರಿ, ಮರ್ಯಾದಿ ಪ್ರಶ್ನೆ ಐತಿ." ಅಂದಿನಿಂದ ಪ್ರತಿ ಸಭೆಯಲ್ಲೂ ಅವರ ಮುಂದೆ ಒಂದು ಕಪ್ ಚಹಾ ಆರುತ್ತದೆ. ಯಾವ ಠರಾವಿಗೂ ಮೊದಲು "ಅಧ್ಯಕ್ಷರ ಅಪ್ಪಣಿ ಐತ್ರಿ?" ಎಂದು ಸಂಜೀವಕುಮಾರ ಕೇಳುತ್ತಾನೆ, ಅವರು ಸುಮ್ಮನಿರುತ್ತಾರೆ, ಪಾಸಾಗುತ್ತದೆ. "ಅಕ್ಕೋರ, ಇಷ್ಟ ತಣ್ಣಗ ಸಭಾ ನಡದದ್ದು ನಾ ಎಂದೂ ನೋಡಿಲ್ರಿ. ಸಾಹೇಬ್ರು ಇದ್ದಾಗ ಕುರ್ಚಿ ಒಗದಾಡ್ತಿದ್ರು" ಎಂದು ರಸೂಲಸಾಬರು ಹೇಳುವಾಗ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಒಮ್ಮೆ ಮಾತ್ರ ಗದ್ದಲವಾಯಿತು. ರಾಜ್ಯ ಸಮಾವೇಶಕ್ಕೆ ಅಪ್ಪಾಸಾಬರ ಕಡೆಯವರನ್ನು ಪ್ರತಿನಿಧಿಯಾಗಿ ಕಳಿಸುವ ಠರಾವು ಓದುತ್ತಿದ್ದಾಗ ಕಿಟಕಿಯಿಂದ ಗಾಳಿ ಬೀಸಿ ಫೋಟೋ ಮುಗ್ಗರಿಸಿ ಮುಂದಕ್ಕೆ ಬಿತ್ತು. ದುಂಡೇಶರ ಕಡೆಯವರು ಚಪ್ಪಾಳೆ ತಟ್ಟಿದರು. 'ಅಧ್ಯಕ್ಷರು ಅಸಮ್ಮತಿ ಸೂಚಿಸಿದ್ದರಿಂದ ವಿಷಯ ಕೈಬಿಡಲಾಯಿತು' ಎಂದು ನಡಾವಳಿಯಲ್ಲಿ ದಾಖಲಾಯಿತು. ಅಪ್ಪಾಸಾಬರು ಕಿಟಕಿ ತೆರೆದವರು ಯಾರು ಎಂದು ತನಿಖೆಯಾಗಬೇಕೆಂದು ಪಟ್ಟು ಹಿಡಿದರು. ಇಷ್ಟೆಲ್ಲ ನಡೆಯುವವರೆಗೆ ನನ್ನ ಗಂಡ ನೆಲದ ಮೇಲೆ ಬೋರಲು ಬಿದ್ದಿದ್ದರು, ಒಬ್ಬರೂ ಮುಟ್ಟಲಿಲ್ಲ. ಕೊನೆಗೆ ರಸೂಲಸಾಬರೇ ತಡೆಯಲಾರದೆ ಎತ್ತಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಮತ್ತೆ ಕುರ್ಚಿಯ ಮೇಲಿಟ್ಟರು.

ಎತ್ತಿದರಲ್ಲ! ಮರುದಿನ ಬೆಳಕು ಹರಿಯುವಷ್ಟರಲ್ಲಿ ರಸೂಲಸಾಬರು ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಎಂದು ಸುದ್ದಿ. ಸಿಂದಗಿಯಿಂದ ಮೂವರು ಹಾರ ತಂದರು. ಇಂಡಿಯಿಂದ ಒಬ್ಬರು ಬಂದು ಬೆದರಿಸಿಯೂ ಹೋದರು. ರಸೂಲಸಾಬರ ಹೆಂಡತಿ ಅಬಿದಾ ಬಾಗಿಲು ಹಾಕಿಕೊಂಡು ಒಳಗೆ ಕೂತರು. ರಸೂಲಸಾಬರು ನೇರವಾಗಿ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಅಕ್ಕೋರ, ನನಗ ಸಕ್ಕರಿ ಬ್ಯಾನಿ ಐತಿ, ಬಿಪಿ ಐತಿ, ಇದರ ಮ್ಯಾಲ ಅಧ್ಯಕ್ಷಗಿರಿ ಬ್ಯಾಡ್ರಿ. ಏನರ ಮಾಡಿ ನನ್ನ ಹೆಸರ ತಗಸ್ರಿ" ಎಂದರು. ಇಲ್ಲದ ಸ್ಥಾನದಿಂದ ಅವರನ್ನು ತೆಗೆಸಲು ಒಂದು ವಾರ ಹಿಡಿಯಿತು. ನನ್ನ ಗಂಡನ ಫೋಟೋವನ್ನು ಇನ್ನು ಮುಂದೆ ಮುಟ್ಟುವುದಿಲ್ಲ ಎಂದು ಬರೆದುಕೊಟ್ಟ ಮೇಲೆಯೇ ಅವರಿಗೆ ಮತ್ತೆ ಚಹಾ ಮಾಡಲು ಬಿಟ್ಟರು.

ಈ ಘಟನೆಯಾದ ಮೇಲೆ ಕಚೇರಿಗೆ ಎರಡು ಬೀಗ ಬಿದ್ದವು. ಒಂದರ ಕೀಲಿ ಇಂಡಿಯಲ್ಲಿ, ಇನ್ನೊಂದರದು ಮುದ್ದೇಬಿಹಾಳದಲ್ಲಿ. ಎರಡೂ ಬಸ್ಸುಗಳು ಬಂದು ಮುಟ್ಟಿದರೆ ಮಾತ್ರ ಬಾಗಿಲು ತೆರೆಯುತ್ತದೆ. ನಾನು ಅಂಥದೊಂದು ದಿನ ಕಾದು ಕೂತು ಮೆಟ್ಟಿಲು ಹತ್ತಿ ಹೋದೆ. ನನ್ನ ಮೊಣಕಾಲಿಗೆ ಆ ಮೆಟ್ಟಿಲು ಏನು ಅನ್ನುವುದು ನಿಮಗೆ ತಿಳಿಯದು. ನೋಡಿದರೆ ಚೌಕಟ್ಟಿಗೆ ಶಾಲು ಹೊದಿಸಿದ್ದರು! ಏನೆಂದು ಕೇಳಿದರೆ, ವರ್ಷದಲ್ಲಿ ಒಂದೂ ದೂರು ಬಾರದ ಕಾರಣಕ್ಕೆ ನಮ್ಮ ಘಟಕಕ್ಕೆ 'ಅತ್ಯುತ್ತಮ ಘಟಕ' ಎಂದು ರಾಜ್ಯ ಕಚೇರಿಯಿಂದ ಸನ್ಮಾನ ಬಂದಿತ್ತಂತೆ. ಆ ಸನ್ಮಾನ ಪತ್ರದ ಕೆಳಗೂ ನಿಮ್ಮದೇ ಸಹಿ ಇತ್ತು ಮಾನ್ಯರೇ. ಒಂದು ಕೈಯಿಂದ ಶಾಲು, ಇನ್ನೊಂದು ಕೈಯಿಂದ ನೋಟಿಸು. ಶಾಲಿನಿಂದ ನನ್ನ ಭುಜವೂ ಮುಚ್ಚಿಹೋಗಿತ್ತು.

"ಸಂಜೀವಾ, ನನ್ನ ಫೋಟೋ ಕೊಡು" ಎಂದೆ.

"ಅದು ಫೋಟೋ ಅಲ್ರಿ ಅಕ್ಕೋರ, ಅಧ್ಯಕ್ಷರು" ಎಂದ.

"ಅಧ್ಯಕ್ಷರನ್ನ ನಾನ ಕಟಿಗೊಂಡಾಕಿ, ನನಗ ಗೊತ್ತೈತಿ. ಕೊಡು."

"ಠರಾವ ಇಲ್ಲದ ಹ್ಯಾಂಗ ಕೊಡ್ಲ್ರಿ? ನೀವು ಎತ್ತಿದ್ರಿ ಅಂದ್ರ ನೀವ ಅಧ್ಯಕ್ಷರಾಗಾಕ ನಿಂತೀರಿ ಅಂತಾರ. ಆಮ್ಯಾಲ ನಿಮ್ಮನ್ನ ತಗಿಯೂದ ನಮಗ ದೊಡ್ಡ ಹೈರಾಣ ಆಕ್ಕೈತಿ."

ಅವನ ಹಿಂದೆ ಅಪ್ಪಾಸಾಬರೂ ದುಂಡೇಶರೂ ಒಂದೇ ಬೆಂಚಿನ ಮೇಲೆ ಕೂತು ತಲೆಯಾಡಿಸುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಅವರಿಬ್ಬರನ್ನು ಒಂದು ಮಾಡಲು ನಮ್ಮ ಮನೆಯವರಿಗೆ ಆಗಿರಲಿಲ್ಲ. ಬೇಕಾದರೆ ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆದು ಕೊಡುತ್ತೇವೆ ಎಂದರು. ತೆಗೆದೂ ಕೊಟ್ಟರು. ಗಾಜಿನ ಮೇಲೆ ಟ್ಯೂಬ್‌ಲೈಟು ಹೊಳೆದು ಅವರ ಮುಖ ಇರುವಲ್ಲಿ ಬೆಳ್ಳನೆಯ ಕೋಲು ಬಿದ್ದಿದೆ.

ಆಮೇಲೆ ನೀವು ವೀಕ್ಷಕರನ್ನು ಕಳಿಸಿದಿರಿ. ಅಧ್ಯಕ್ಷರನ್ನು ಮುಂದುವರಿಸಬೇಕೋ ತೆಗೆಯಬೇಕೋ ಎಂದು ಅಭಿಪ್ರಾಯ ಸಂಗ್ರಹಿಸಲು ರಾಜಧಾನಿಯಿಂದ ಬಂದ ವೀಕ್ಷಕರು ಇಂಡಿಯ ಪ್ರವಾಸಿ ಮಂದಿರದಲ್ಲಿ ಇಳಿದರು. ನಾನು ಬಸ್ಸು ಹತ್ತಿ ಹೋದೆ. ವರಾಂಡದಲ್ಲಿ ನೂರು ಮಂದಿ ಪಾಳಿ ಹಚ್ಚಿದ್ದರು. ಒಬ್ಬೊಬ್ಬರೇ ಒಳಗೆ ಹೋಗುವುದು, ಬಾಗಿಲು ಮುಚ್ಚುವುದು, ಹೊರಗೆ ಬಂದವರು "ನಾ ಏನೂ ಹೇಳಿಲ್ಲ" ಎನ್ನುವುದು. ನನ್ನ ಪಾಳಿ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ವೀಕ್ಷಕರು ನಮ್ಮ ಕಡೆಯವರಲ್ಲ, ಮೆತ್ತಗೆ ಮಾತಾಡುವವರು. ಮುಂದೆ ಒಂದು ನಮೂನೆ ಇಟ್ಟುಕೊಂಡಿದ್ದರು.

"ಅಧ್ಯಕ್ಷರ ಕಾರ್ಯವೈಖರಿಯ ಬಗ್ಗೆ ತಮ್ಮ ಅಭಿಪ್ರಾಯವೇನಮ್ಮ?"

"ಅವ್ರು ತೀರಕೊಂಡಾರ್ರಿ."

"ಅಂದರೆ, ಸಕ್ರಿಯವಾಗಿಲ್ಲ ಎನ್ನುತ್ತೀರಿ."

"ಮಣ್ಣಾಗ ಇಟ್ಟ ಬಂದೀವ್ರಿ."

ಅವರು ಪೆನ್ನು ತಡೆದು ಸ್ವಲ್ಪ ಯೋಚಿಸಿದರು. "ಆರೋಗ್ಯದ ಸಮಸ್ಯೆ ಎಂದು ಬರೆದುಕೊಳ್ಳಲೇ? ಇದರಲ್ಲಿ ಅದೊಂದೇ ಕಾಲಂ ಇದೆ."

"ಬರಕೋರಿ."

"ಮುಂದುವರಿಯಲು ಅವರಿಗೆ ಆಸಕ್ತಿ ಇದೆಯೇ?"

"ಇದ್ದಾಗನ ಇರಲಿಲ್ಲ, ಈಗೆಲ್ಲಿ ಬರ್ತೈತ್ರಿ?"

"ಬೇರೆ ಪಕ್ಷಕ್ಕೆ ಹೋಗುವ ಸಾಧ್ಯತೆ?"

"ಅಲ್ಲಿ ಮ್ಯಾಲ ಯಾ ಪಕ್ಷ ಐತೋ ನನಗ ಗೊತ್ತಿಲ್ರಿ. ಹೋದಾಗ ಕೇಳತೇನಿ."

ಅದನ್ನೂ ಅವರು ಬರೆದುಕೊಂಡರು. ನಾನು ಹೊರಗೆ ಬರುವಾಗ ಎದ್ದು ನಿಂತು ಕೈಮುಗಿದು, "ಅಧ್ಯಕ್ಷರಿಗೆ ನನ್ನ ನಮಸ್ಕಾರ ತಿಳಿಸಿ" ಎಂದರು. ಒಳ್ಳೆಯ ಮನುಷ್ಯರೇ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಫಲಿತಾಂಶ ಏನಾಯಿತೆಂದು ನಿಮಗೆ ಗೊತ್ತು, ಓದುವ ಜನರಿಗೆ ಗೊತ್ತಿರಲಿ ಎಂದು ಬರೆಯುತ್ತೇನೆ. ನೂರರಲ್ಲಿ ತೊಂಬತ್ತಾರು ಮಂದಿ ಹಾಲಿ ಅಧ್ಯಕ್ಷರೇ ಮುಂದುವರಿಯಲಿ ಎಂದಿದ್ದರು. ಇಂಡಿಯವರಿಗೆ ದುಂಡೇಶರಿಗಿಂತ ಅವರು ವಾಸಿ, ಮುದ್ದೇಬಿಹಾಳದವರಿಗೆ ಅಪ್ಪಾಸಾಬರಿಗಿಂತ ವಾಸಿ. ಸಿಂದಗಿ ತಾಲೂಕಿನ ದೇವಣಗಾಂವದ ಕುರಿಗಾರ ಮಾಳಿಂಗಪ್ಪ ಎನ್ನುವವರು ವರಾಂಡದಲ್ಲಿ ನನಗೇ ಹೇಳಿದರು: "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಸಾಹೇಬ್ರು ಇದ್ದಾಗ ನಮ್ಮೂರ ರಸ್ತಾ ಮಾಡಸ್ತೇನಿ ಅಂತಿದ್ರು. ಈಗ ಅನ್ನೂದ ಬಿಟ್ಟಾರ. ಅಷ್ಟ ಫರಕ ನೋಡ್ರಿ." ನನಗೆ ಸಿಟ್ಟು ಬರಲಿಲ್ಲ, ಅವರು ಹೇಳಿದ್ದು ಖರೇ ಇತ್ತು. ಕೊನೆಗೆ ಸಭೆಯಲ್ಲಿ ಒಂದು ಸಾಲಿನ ಠರಾವಾಯಿತು: ಅಧ್ಯಕ್ಷರನ್ನು ಇಟ್ಟುಕೊಳ್ಳುವ ಅಥವಾ ತೆಗೆಯುವ ಅಧಿಕಾರವನ್ನು ವರಿಷ್ಠರಿಗೆ ಬಿಡಲಾಗಿದೆ. ವರಿಷ್ಠರಾದ ನೀವು ಅದನ್ನು ವಾಪಸು ಕಳಿಸಿದಿರಿ, 'ಘಟಕದ ಅಧ್ಯಕ್ಷರ ಅಭಿಪ್ರಾಯ ಪಡೆದು ಮರುಸಲ್ಲಿಸಿ' ಎಂಬ ಷರಾದೊಂದಿಗೆ. ಸಂಜೀವಕುಮಾರ ಆ ಕಾಗದವನ್ನು ಫೋಟೋದ ಮುಂದೆ, ಚಹಾ ಕಪ್ಪಿನ ಕೆಳಗೆ ಇಟ್ಟಿದ್ದಾನೆ. ಅಭಿಪ್ರಾಯಕ್ಕೆ ಕಾಯುತ್ತಿದ್ದಾನೆ.

ಮಾನ್ಯರೇ, ಈಗ ಸ್ವಲ್ಪ ಪಾಠ ಹೇಳುತ್ತೇನೆ, ಮೂವತ್ತನಾಲ್ಕು ವರ್ಷದ ಚಟ. ನಿಮ್ಮ ಪಕ್ಷದಲ್ಲಿ ನಾಯಕರನ್ನು ಮಾಡಲು ಹತ್ತು ದಾರಿಗಳಿವೆ, ತೆಗೆಯಲು ಒಂದೂ ಇಲ್ಲ. ಹೀಗಾಗಿ ಬದುಕಿದ್ದವರನ್ನು ನೀವು ಗುಸುಗುಸುವಿನಿಂದ, ಪತ್ರಿಕೆಗೆ ಸುದ್ದಿ ಕೊಡುವುದರಿಂದ, ರೆಸಾರ್ಟಿಗೆ ಮಂದಿ ಒಯ್ಯುವುದರಿಂದ ತೆಗೆಯುತ್ತೀರಿ. ಸತ್ತವರನ್ನು ಗುಸುಗುಸುವಿನಿಂದ ತೆಗೆಯಲಾಗುವುದಿಲ್ಲ, ಅದಕ್ಕೇ ಸಿಕ್ಕಿಬಿದ್ದಿದ್ದೀರಿ. ನಮ್ಮ ಶಾಲೆಯಲ್ಲಿ ಮೂರನೆಯ ಇಯತ್ತೆಯ ಮಕ್ಕಳು ಈ ಕೆಲಸವನ್ನು ತಿಂಗಳಿಗೊಮ್ಮೆ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು. ತರಗತಿಯ ಮಾನಿಟರ್ ನೀರು ಕುಡಿಯಲು ಹೊರಗೆ ಹೋಗಬೇಕು. ಉಳಿದವರು ತಮ್ಮ ತಮ್ಮ ಪಾಟಿಯ ಮೇಲೆ 'ಇರಲಿ' ಅಥವಾ 'ಸಾಕು' ಎಂದು ಬರೆದು ಬೋರಲು ಹಾಕಬೇಕು. ನಾನು ಎಣಿಸಿ ಹೇಳುತ್ತಿದ್ದೆ, ಮುಗಿಯಿತು. ಮುಂದಿನ ಮಾನಿಟರ್ ಯಾರು ಎನ್ನುವುದನ್ನು ಆ ದಿನ ಕೇಳುತ್ತಲೇ ಇರಲಿಲ್ಲ, ಅದು ಮರುದಿನದ ಮಾತು. ಎರಡನ್ನೂ ಒಂದೇ ದಿನ ಕೇಳಿದರೆ ಮಕ್ಕಳು ತಾವು ಕೂರುವ ಆಸೆಗೆ ಇದ್ದವರನ್ನು ಎಬ್ಬಿಸುತ್ತಾರೆ, ಇಲ್ಲವೇ ಇನ್ನೊಬ್ಬರು ಕೂರುವ ಹೆದರಿಕೆಗೆ ಇದ್ದವರನ್ನೇ ಇಟ್ಟುಕೊಳ್ಳುತ್ತಾರೆ. ನಿಮ್ಮ ತೊಂಬತ್ತಾರು ಮಂದಿ ಮಾಡಿದ್ದು ಇದನ್ನೇ ಅಲ್ಲವೇ?

ಸುಜಾತಾ ಎಂಬ ಹುಡುಗಿಯನ್ನು ಒಮ್ಮೆ ಹೀಗೆ ಪಾಟಿಗಳು ತೆಗೆದುಹಾಕಿದವು. ಒಂದು ದಿನ ಪೂರ್ತಿ ಅತ್ತಳು. ಯಾಕೆ ತೆಗೆದಿರಿ ಎಂದು ತಾನೇ ಕೇಳಿದಳು, ಗೆಳತಿಯರನ್ನು ಮಾತ್ರ ಮೊದಲು ನೀರು ಕುಡಿಯಲು ಬಿಡುತ್ತೀ ಎಂದು ಎದುರಿಗೇ ಹೇಳಿದರು. ಎರಡು ತಿಂಗಳ ಮೇಲೆ ಅವಳನ್ನೇ ಮತ್ತೆ ಆರಿಸಿದರು. ತೆಗೆಯುವುದೆಂದರೆ ತಲೆ ತೆಗೆಯುವುದಲ್ಲ ಎಂದು ಅಷ್ಟು ಸಣ್ಣ ಮಕ್ಕಳಿಗೂ ತಿಳಿದಿತ್ತು. ನೀವು ತೆಗೆಯಲು ಮಾತ್ರ ಕಾರಣ ಹುಡುಕುತ್ತೀರಿ. ಇಟ್ಟುಕೊಳ್ಳಲು ಏನು ಕಾರಣ ಎಂದು ವರ್ಷಕ್ಕೊಮ್ಮೆಯಾದರೂ ಕೇಳಿದ್ದೀರಾ? ಕೂರಿಸಿದವರ ಕೈಗೇ ಪಾಟಿ ಕೊಟ್ಟು, ಗೊತ್ತುಮಾಡಿದ ದಿನ, ಗುಟ್ಟಾಗಿ ಕೇಳಿ. ಅಧ್ಯಕ್ಷರನ್ನು ತೆಗೆಯುವ ಸಭೆಯನ್ನೂ ಅಧ್ಯಕ್ಷರೇ ಕರೆಯಬೇಕೆಂಬ ನಿಮ್ಮ ನಿಯಮವನ್ನು ಮೊದಲು ಹರಿದುಹಾಕಿ. ಇನ್ನೊಂದು ಮಾತು, ಮಗು ವಾರಗಟ್ಟಲೆ ಶಾಲೆಗೆ ಬಾರದಿದ್ದರೆ ನಾವು ನೋಟಿಸು ಬರೆಯುತ್ತಿರಲಿಲ್ಲ, ಮನೆಗೆ ಹೋಗಿ ನೋಡಿ ಬರುತ್ತಿದ್ದೆವು. ನಿಮ್ಮವರು ಒಬ್ಬರಾದರೂ ಬಂದು ನೋಡಿದ್ದರೆ ನಮ್ಮ ಪಡಸಾಲೆಯ ಗೋಡೆಯಲ್ಲಿ ಖಾಲಿ ಮೊಳೆ ಕಾಣುತ್ತಿತ್ತು.

ಇಷ್ಟಕ್ಕೂ, ಅವರನ್ನು ತೆಗೆಯುವ ಕಷ್ಟ ಸತ್ತ ಮೇಲೆ ಶುರುವಾದದ್ದಲ್ಲ. ಬದುಕಿದ್ದಾಗಲೇ ಮೂರು ಸಲ ರಾಜೀನಾಮೆ ಬರೆದುಕೊಟ್ಟಿದ್ದರು. ಮೂರು ಸಲವೂ ನಿಮ್ಮವರು ಶಾಲು ಹೊದಿಸಿ ವಾಪಸು ಕಳಿಸಿದರು. ನಮ್ಮ ಮನೆಯ ಟ್ರಂಕಿನಲ್ಲಿ ಆ ಶಾಲುಗಳಿವೆ. ಮೂರನೆಯ ಸಲ, ಹೋಗುವ ಇಪ್ಪತ್ತು ದಿನ ಮೊದಲು, ಶಾಲು ಮಡಚಿ ನನ್ನ ಕೈಗೆ ಕೊಟ್ಟು, "ಅಕ್ಕೋರ, ಈ ಸಲಾನೂ ನಾಪಾಸ" ಎಂದಿದ್ದರು. ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ, ಮನೆಯಲ್ಲೂ ನನ್ನನ್ನು ಚೇಷ್ಟೆಗೆ ಅಕ್ಕೋರ ಎಂದೇ ಕರೆಯುತ್ತಿದ್ದರು. ಅವತ್ತು ನನಗೆ ನಿಮ್ಮ ಪಕ್ಷದ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಇಲ್ಲ.

ಈಗ ಆ ಫೋಟೋದ ವಿಷಯ. ಒಂಬತ್ತು ವರ್ಷದ ಹಿಂದೆ ನಾನು ನಿವೃತ್ತಳಾದ ಮರುದಿನದ ಫೋಟೋ ಅದು. ಆ ದಿನ ಮುದ್ದೇಬಿಹಾಳದಲ್ಲಿ ಅವರ ಸಭೆಯಿತ್ತು, ಜೀಪು ಬಂದು ನಿಂತಿತ್ತು. ಅವರು ಜೀಪನ್ನು ಹೋಗಗೊಟ್ಟು ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಆಲಮಟ್ಟಿಯ ಉದ್ಯಾನಕ್ಕೆ ಹೊರಟರು. ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಅದನ್ನು ಬಂದ್ ಮಾಡಿ ನನ್ನ ಚೀಲದಲ್ಲಿ ಭಜಿಯ ಪೊಟ್ಟಣದ ಕೆಳಗೆ ತುರುಕಿದರು. "ಇವತ್ತೊಂದಿನ ನಾ ಇಲ್ಲದ ನಡೀಲಿ ಬಿಡು" ಎಂದರು. ಅಲ್ಲೇ ನಿಂತು ತೆಗೆದು ಅಲ್ಲೇ ಅಚ್ಚು ಹಾಕಿ ಕೊಡುವ ಫೋಟೋದವನೊಬ್ಬ ಗಂಟುಬಿದ್ದ. ಅವನ ಹತ್ತಿರ ಮತ್ತೊಂದು ಪ್ರತಿ ಉಳಿಯುವುದಿಲ್ಲ, ನಮ್ಮದೊಂದೇ. ಹದಿನಾಲ್ಕು ವರ್ಷದಲ್ಲಿ ನನ್ನ ಗಂಡ ನಿಮ್ಮ ಸಭೆ ತಪ್ಪಿಸಿದ್ದು ಆ ಒಂದೇ ದಿನ. ಆ ದಿನದ ಫೋಟೋವನ್ನೇ ಹಿಡಿದು ನೀವು ಹನ್ನೊಂದು ತಿಂಗಳಿಂದ ಅವರನ್ನು ಸಭೆಗಳಿಗೆ ಕೂರಿಸುತ್ತಿದ್ದೀರಿ!

ಆದ್ದರಿಂದ, ಮಾನ್ಯರೇ, ಅವರನ್ನು ಯಾವ ಕಾರಣಕ್ಕಾದರೂ ತೆಗೆಯಿರಿ. ಗೌರವದಿಂದ ತೆಗೆಯಲಾಗದಿದ್ದರೆ ಅಶಿಸ್ತಿನ ಮೇಲೆ ಉಚ್ಚಾಟಿಸಿರಿ, ಆರು ವರ್ಷವೋ ಅರವತ್ತು ವರ್ಷವೋ ನಿಮ್ಮ ಇಷ್ಟ. ಪತ್ರಿಕೆಯಲ್ಲಿ ಹಾಕಿಸಿರಿ, ನಾನು ಮಾನನಷ್ಟದ ದಾವೆ ಹೂಡುವುದಿಲ್ಲ. ಅವರ ಮೇಲೆ ಆರೋಪ ಬೇಕೆಂದರೆ ನಾನೇ ಸಾಕ್ಷಿ ಹೇಳುತ್ತೇನೆ: ಆ ದಿನ ಸಭೆ ತಪ್ಪಿಸಿ ಮೆಣಸಿನಕಾಯಿ ಭಜಿ ತಿಂದರು, ನಾಲ್ಕು. ಕಾರಹುಣ್ಣಿಮೆಯೊಳಗೆ ಎರಡೂ ಕೀಲಿ ಒಂದೆಡೆ ತರಿಸಿ, ಚೌಕಟ್ಟು ಬಿಚ್ಚಿಸಿ, ಫೋಟೋವನ್ನು ನನ್ನ ಕೈಗೆ ಕೊಡಿಸಿರಿ. ಬಿಚ್ಚುವ ಕೆಲಸ ರಸೂಲಸಾಬರಿಗೇ ವಹಿಸಿರಿ, ಅವರಿಗೆ ಅಧ್ಯಕ್ಷಗಿರಿ ಬೇಡವೆಂದು ಬರೆದುಕೊಡಲು ನಾನು ತಯಾರಿದ್ದೇನೆ.

ಇನ್ನು ನಿಮ್ಮ ನೋಟಿಸಿಗೆ ಉತ್ತರ ಬಾಕಿ ಉಳಿಯಿತು. ಗೈರುಹಾಜರಿಗೆ ಕಾರಣವೇನು ಎಂದು ಕೇಳಿದ್ದೀರಿ. ಅದನ್ನು ಅವರು ಒಂಬತ್ತು ವರ್ಷದ ಹಿಂದೆಯೇ, ಆ ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂತು, ಫೋಟೋದವನ ಪೆನ್ನು ಇಸಿದುಕೊಂಡು ಬರೆದಿಟ್ಟಿದ್ದಾರೆ. ಯಾರಾದರೂ ನೋಡಿದರೆ ಏನಂದಾರು ಎಂದು ನಾನು ನಾಚಿದ್ದೆ. ಚೌಕಟ್ಟಿಗೆ ಹಾಕಿದ ಮೇಲೆ ಯಾರು ನೋಡುತ್ತಾರೆ ಎಂದಿದ್ದರು. ಸಂಜೀವಕುಮಾರ ಹಾಕಿದ ಮಡಿಕೆಯನ್ನು ಬಿಡಿಸಿದರೆ ಫೋಟೋದ ಬೆನ್ನ ಮೇಲೆ ಅವರ ಕೈಬರಹ ಸಿಗುತ್ತದೆ, ನಿಮ್ಮ ಕಡತಕ್ಕೆ ನಕಲು ಮಾಡಿಕೊಳ್ಳಿ:

'ಇಂದು ಸಭೆಗೆ ಗೈರು. ಕಾರಣ: ಅಕ್ಕೋರು.'

ಇಂತಿ,
ನಿಮ್ಮ ಮಾನ್ಯ ಅಧ್ಯಕ್ಷರ ಹಿಂದೆ ಹನ್ನೊಂದು ತಿಂಗಳಿಂದ ಮಡಚಿಟ್ಟಿರುವ
ಸಿದ್ದಲಿಂಗವ್ವ,
ಬಸವನ ಬಾಗೇವಾಡಿ